ಲೈಸೆನ್ಸ್ ಕೈಗೆ ಬಂದಿದೆ, ಗೇರ್ ಕೈಗೆ ಬಂದಿಲ್ಲ: ಹೊಸ ಲಾರಿ ಚಾಲಕರಿಗೆ ಮೊದಲ ಕೆಲಸ ಏಕೆ ಸಿಗುತ್ತಿಲ್ಲ?

ದೇಶದಲ್ಲಿ 22 ಲಕ್ಷ ನುರಿತ ಚಾಲಕರ ಕೊರತೆಯಿದೆ ಎಂದು ಕೇಂದ್ರ ರಸ್ತೆ ಸಾರಿಗೆ ಸಚಿವ ನಿತಿನ್ ಗಡ್ಕರಿ ಮತ್ತೆ ಮತ್ತೆ ಹೇಳುತ್ತಿದ್ದಾರೆ. ಡ್ರೈವರ್ ಸಿಗದೆ ಗಾಡಿ ನಿಲ್ಲಿಸಿಕೊಂಡಿದ್ದೇವೆ ಎಂಬುದು ಲಾರಿ ಮಾಲೀಕರ ನಿತ್ಯದ ಗೋಳು. ಚಾಲಕರ ದಣಿವು ಕಡಿಮೆಯಾಗಲೆಂದು 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳಿಗೆ ಎ.ಸಿ. ಕ್ಯಾಬಿನ್ ಕೂಡ ಕಡ್ಡಾಯವಾಗಿದೆ.

ಈ ಸುದ್ದಿಗಳನ್ನು ನಂಬಿ ಸಾಲ ಮಾಡಿ ಹೆವಿ ಲೈಸೆನ್ಸ್ ಮಾಡಿಸಿಕೊಂಡ ಹುಡುಗ ಟ್ರಾನ್ಸ್‌ಪೋರ್ಟ್ ಆಫೀಸಿನ ಮುಂದೆ ನಿಂತರೆ ಕೇಳಿಬರುವ ಮೊದಲ ಪ್ರಶ್ನೆ: "ಎಷ್ಟು ವರ್ಷ ಲೋಡ್ ಗಾಡಿ ಓಡಿಸಿದ್ದೀಯಪ್ಪಾ?" ಇಲ್ಲ ಅಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಕೊರತೆ ಇರುವುದು ನಿಜವಾದರೆ ಇವನಿಗೇಕೆ ಕೆಲಸವಿಲ್ಲ? ಇವನಿಗೆ ಕೆಲಸವಿಲ್ಲದಿರುವುದು ನಿಜವಾದರೆ ಕೊರತೆ ಎಲ್ಲಿಯದು?

ಎರಡೂ ನಿಜ. ಲೈಸೆನ್ಸ್ ಇದ್ದವರಿಗೂ ಲೋಡ್ ಗಾಡಿಯನ್ನು ನಂಬಿ ಕೊಡಬಹುದಾದವರಿಗೂ ನಡುವೆ ಒಂದು ಕಂದಕವಿದೆ. ಮೊದಲು ಆ ಕಂದಕವನ್ನು ದಾಟಿಸುತ್ತಿದ್ದ ಏರ್ಪಾಡು ಕಳೆದ ಕೆಲವು ವರ್ಷಗಳಲ್ಲಿ ಕುಸಿದುಬಿದ್ದಿದೆ. ಅದು ಕುಸಿದದ್ದು ಎಲ್ಲಕ್ಕಿಂತ ಮೊದಲು ಗೊತ್ತಾಗುವುದು ಗೇರ್ ಬದಲಿಸುವಾಗ.

ಯಾರ್ಡಿನಲ್ಲಿ ನಡೆಯುವ ಪರೀಕ್ಷೆ

ಆರ್‌ಟಿಒ ಪರೀಕ್ಷೆ ಪಾಸಾದವನಿಗೆ ಯಾರ್ಡಿನಲ್ಲಿ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಅದನ್ನು ಟ್ರಯಲ್ ಎನ್ನುತ್ತಾರೆ. ಮಾಲೀಕ ಕೀ ಕೊಟ್ಟು, ಎಡಗಡೆಯ ಸೀಟಿನಲ್ಲಿ ಹಳೆಯ ಡ್ರೈವರೊಬ್ಬರನ್ನು ಕೂರಿಸಿ, "ಒಂದು ರೌಂಡ್ ಹೋಗಿ ಬಾ" ಎನ್ನುತ್ತಾನೆ.

ಆ ಹಿರಿಯ ಡ್ರೈವರ್ ರಸ್ತೆಗಿಂತ ಹೆಚ್ಚಾಗಿ ಗೇರ್‌ಬಾಕ್ಸಿನ ಸದ್ದಿನ ಕಡೆಗೇ ಕಿವಿ ಕೊಟ್ಟಿರುತ್ತಾರೆ. ಗಾಡಿ ಖಾಲಿ ಇದ್ದರೆ ಎರಡನೇ ಗೇರಿನಲ್ಲಿ ಎತ್ತುತ್ತಾನೋ, ಲೋಡ್ ಇದ್ದರೆ ಒಂದನೇ ಗೇರ್ ಹಾಕುತ್ತಾನೋ? ಗೇರ್ ಹಾಕುವಾಗ ಕಣ್ಣು ಲೀವರ್ ಕಡೆ ಹೋಗುತ್ತದೋ? ಗೇರ್ ಬಿದ್ದ ಮೇಲೂ ಕಾಲು ಕ್ಲಚ್ ಮೇಲೆಯೇ ಇದೆಯೋ? ಏರಿನಲ್ಲಿ ನಿಲ್ಲಿಸಿ ಎತ್ತುವಾಗ ಗಾಡಿ ಹಿಂದಕ್ಕೆ ಜಾರುತ್ತದೋ? ಹತ್ತು ನಿಮಿಷದಲ್ಲಿ ತೀರ್ಮಾನ ಆಗಿಹೋಗುತ್ತದೆ. ಗೇರ್ ಎರಡು ಸಲ ಕಿರ್ರ್ ಎಂದರೆ, "ನಂಬರ್ ಕೊಟ್ಟು ಹೋಗು, ಫೋನ್ ಮಾಡ್ತೀವಿ" ಎಂಬ ಉತ್ತರ.

ಹೊಸಬರಿಗೆ ಇದು ಅನ್ಯಾಯ ಅನ್ನಿಸುವುದು ಸಹಜ. ಸರ್ಕಾರ ಪಾಸ್ ಮಾಡಿದ ಮೇಲೆ ಇವರು ಯಾರು ಫೇಲ್ ಮಾಡಲು? ಆದರೆ ಹಿರಿಯ ಡ್ರೈವರ್ ಏನನ್ನು ಗಮನಿಸುತ್ತಿದ್ದಾರೆ ಎಂಬುದನ್ನು ತಿಳಿದರೆ ಅವರ ಭಯಕ್ಕೂ ಅರ್ಥವಿದೆ ಅನ್ನಿಸುತ್ತದೆ.

ಕಾರಿನ ಗೇರ್, ಲಾರಿಯ ಗೇರ್

ಒಂದು ಟನ್ ತೂಕದ ಸಾಮಾನ್ಯ ಕಾರಿಗೆ 80 ಅಶ್ವಶಕ್ತಿಯ ಎಂಜಿನ್ ಇರುತ್ತದೆ ಎಂದುಕೊಳ್ಳೋಣ. ಹತ್ತು ಚಕ್ರದ ಲಾರಿಯ ಒಟ್ಟು ತೂಕಕ್ಕೆ 2018ರ ನಿಯಮದಂತೆ 28.5 ಟನ್‌ವರೆಗೆ ಅವಕಾಶವಿದೆ. ಅದರ ಎಂಜಿನ್ 250 ಅಶ್ವಶಕ್ತಿಯದು ಎಂದುಕೊಂಡರೂ ಟನ್ನಿಗೆ ಒಂಬತ್ತು ಅಶ್ವಶಕ್ತಿಯೂ ಬರುವುದಿಲ್ಲ. ಕಾರಿನಲ್ಲಿ ತಪ್ಪು ಗೇರಿನಲ್ಲಿದ್ದರೂ ಆಕ್ಸಿಲರೇಟರ್ ಒತ್ತಿ ಪಾರಾಗಬಹುದು. ಲಾರಿಯಲ್ಲಿ ಹಾಗೆ ಪಾರಾಗಲು ಮಿಗುವ ಶಕ್ತಿಯೇ ಇಲ್ಲ.

ಎರಡನೆಯದು ಎಂಜಿನ್ನಿನ ಸ್ವಭಾವ. ಪೆಟ್ರೋಲ್ ಕಾರಿನ ಎಂಜಿನ್ ನಿಮಿಷಕ್ಕೆ 6,000 ಸುತ್ತಿನವರೆಗೂ ತಿರುಗೀತು. ಲಾರಿಯ ದೊಡ್ಡ ಡೀಸೆಲ್ ಎಂಜಿನ್ ಎಳೆಯುವುದು ಹೆಚ್ಚುಕಡಿಮೆ 1,100ರಿಂದ 1,600 ಸುತ್ತಿನ ನಡುವೆ. ಮೀಟರಿನಲ್ಲಿ ಹಸಿರು ಪಟ್ಟಿ ಬಳಿದಿರುವುದು ಅದಕ್ಕೇ. ಅದಕ್ಕಿಂತ ಕೆಳಗಿಳಿದರೆ ಗಾಡಿ ಉಸಿರು ಕಟ್ಟಿದಂತೆ ನಡುಗುತ್ತದೆ, ಮೇಲೇರಿದರೆ ಡೀಸೆಲ್ ಕುಡಿಯುತ್ತದೆ. ಇಷ್ಟು ಕಿರಿದಾದ ಪಟ್ಟಿಯೊಳಗೆ ಎಂಜಿನ್ನನ್ನು ಹಿಡಿದಿಡಬೇಕೆಂದೇ ಲಾರಿಗೆ ಆರು ಗೇರ್, ಒಂಬತ್ತು ಗೇರ್ ಇರುವುದು.

ಒಂಬತ್ತು ಗೇರಿನ ಪೆಟ್ಟಿಗೆಯನ್ನೇ ನೋಡಿ. ತೀರಾ ನಿಧಾನಕ್ಕೆಂದು ಒಂದು ಕ್ರಾಲರ್ ಗೇರ್, ಅದರ ಮೇಲೆ ನಾಲ್ಕು ಕೆಳಗಿನ ಗೇರ್, ಮತ್ತೆ ನಾಲ್ಕು ಮೇಲಿನ ಗೇರ್. ಹಲವು ಮಾದರಿಗಳಲ್ಲಿ ಕೆಳಗಿನ ನಾಲ್ಕಕ್ಕೂ ಮೇಲಿನ ನಾಲ್ಕಕ್ಕೂ ಲೀವರ್ ಹೋಗುವ ಜಾಗ ಒಂದೇ. ಯಾವುದು ಬೀಳಬೇಕು ಎಂಬುದನ್ನು ಲೀವರ್ ಮೇಲಿನ ಸ್ವಿಚ್ ತೀರ್ಮಾನಿಸುತ್ತದೆ. ನಾಲ್ಕರಿಂದ ಐದಕ್ಕೆ ಹೋಗುವಾಗ ಸ್ವಿಚ್ ಎತ್ತುವುದನ್ನು ಮರೆತರೆ, ಐದನೇ ಗೇರ್ ಬೀಳಬೇಕಾದ ಜಾಗದಲ್ಲಿ ಒಂದನೇ ಗೇರ್ ಎದುರಾಗುತ್ತದೆ. ಕಾರಿನಲ್ಲಿ ಕಲಿತ ಕೈಗೆ ಈ ಸ್ವಿಚ್ಚಿನ ನೆನಪೇ ಇರುವುದಿಲ್ಲ.

ಮೂರನೆಯದು ಸಮಯ. ನೂರು ಮೀಟರಿಗೆ ಆರು ಮೀಟರ್ ಏರುವ ರಸ್ತೆಯಲ್ಲಿ ಕ್ಲಚ್ ತುಳಿದು ಎರಡು ಸೆಕೆಂಡು ಕಳೆದರೆ ಗಾಡಿಯ ವೇಗ ಗಂಟೆಗೆ 4 ಕಿ.ಮೀ.ಗೂ ಹೆಚ್ಚು ಇಳಿಯುತ್ತದೆ. 20ರ ವೇಗದಲ್ಲಿ ಏರುತ್ತಿದ್ದ ಲಾರಿಗೆ ಇದು ಐದನೇ ಒಂದು ಭಾಗಕ್ಕಿಂತ ಹೆಚ್ಚಿನ ನಷ್ಟ. ಅಷ್ಟರಲ್ಲಿ, ಹಾಕಬೇಕೆಂದುಕೊಂಡಿದ್ದ ಗೇರ್ ಆ ಹೊಸ ವೇಗಕ್ಕೆ ಸರಿಹೊಂದುವುದೇ ಇಲ್ಲ. ಪಳಗಿದ ಡ್ರೈವರ್ ಗಾಡಿ ಬಳಲುವ ಮೊದಲೇ, ಮುಂದಿನ ತಿರುವು ಕಂಡಾಗಲೇ ಗೇರ್ ಇಳಿಸಿರುತ್ತಾನೆ. ಹೊಸಬ ಗಾಡಿ ಬಳಲಿದ ಮೇಲೆ ಗೇರ್ ಹುಡುಕುತ್ತಾನೆ.

ಇದರ ಜೊತೆಗೆ ಹಳೆಯ ಗಾಡಿಯ ಸಮಸ್ಯೆ. ಈಗಿನ ಗೇರ್‌ಬಾಕ್ಸುಗಳಲ್ಲಿ ಹಲ್ಲುಗಳ ವೇಗವನ್ನು ಹೊಂದಿಸಿಕೊಡುವ ಸಿಂಕ್ರೊ ರಿಂಗುಗಳಿರುತ್ತವೆ. ಹಿಂದಿನ ಕಾಲದ ಡ್ರೈವರುಗಳು ಅದನ್ನು ತಾವೇ ಹೊಂದಿಸುತ್ತಿದ್ದರು: ಕ್ಲಚ್ ತುಳಿದು ನ್ಯೂಟ್ರಲ್, ಕ್ಲಚ್ ಬಿಟ್ಟು ಒಂದು ಸಣ್ಣ ರೇಸ್, ಮತ್ತೆ ಕ್ಲಚ್ ತುಳಿದು ಕೆಳಗಿನ ಗೇರ್. ಇದೇ ಡಬಲ್ ಕ್ಲಚ್. ಲಕ್ಷಾಂತರ ಕಿ.ಮೀ. ಓಡಿ ರಿಂಗ್ ಸವೆದ ಲಾರಿಯಲ್ಲಿ ಇವತ್ತಿಗೂ ಡಬಲ್ ಕ್ಲಚ್ ಇಲ್ಲದೆ ಗೇರ್ ಬೀಳುವುದಿಲ್ಲ. ಹೊಸಬನಿಗೆ ಮೊದಲು ಸಿಗುವುದು ಮಾಲೀಕನ ಹೊಸ ಗಾಡಿ ಆಗಿರುವುದಿಲ್ಲ, ಇರುವುದರಲ್ಲೇ ಅತಿ ಹಳೆಯದು. ಅಂದರೆ ಎಲ್ಲಕ್ಕಿಂತ ಹೆಚ್ಚು ಕೈಚಳಕ ಬೇಡುವ ಗಾಡಿ ಎಲ್ಲಕ್ಕಿಂತ ಕಡಿಮೆ ಅನುಭವ ಇದ್ದವನ ಕೈಗೆ ಬೀಳುತ್ತದೆ.

ಈಚೆಗೆ ಇನ್ನೊಂದು ತೊಡಕು ಸೇರಿದೆ. ಕಾರಿನ ಲೈಸೆನ್ಸನ್ನು ಆಟೊಮ್ಯಾಟಿಕ್ ಕಾರಿನಲ್ಲೂ ಪಡೆಯಬಹುದು. ಅಂಥವನು ವರ್ಷದ ನಂತರ ಹೆವಿ ಕಲಿಯಲು ಬಂದರೆ, ಬದುಕಿನಲ್ಲಿ ಅವನು ತುಳಿಯುವ ಮೊದಲ ಕ್ಲಚ್ ಲಾರಿಯದೇ ಆಗಿರುತ್ತದೆ.

ಏರಿನಲ್ಲಿ ತಪ್ಪಿದರೆ, ಇಳಿಜಾರಿನಲ್ಲಿ ತಪ್ಪಿದರೆ

ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿ ಏರುವ ಲೋಡ್ ಲಾರಿ ತಿರುವಿನಲ್ಲಿ ಗೇರ್ ಹಿಡಿಯದೆ ನಿಂತಿತು ಎಂದುಕೊಳ್ಳಿ. ಹಿಂದೆ ಬಸ್ಸು, ಅದರ ಹಿಂದೆ ಗ್ಯಾಸ್ ಟ್ಯಾಂಕರ್. ಹೊಸಬ ಕ್ಲಚ್ ಅರ್ಧ ಬಿಟ್ಟು, ಹಾಫ್ ಕ್ಲಚ್‌ನಲ್ಲಿ ಗಾಡಿಯನ್ನು ಹಿಡಿದು ಎತ್ತಲು ನೋಡುತ್ತಾನೆ. ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಕ್ಯಾಬಿನ್ನಿಗೆ ಬರುತ್ತದೆ. ಇನ್ನೆರಡು ಪ್ರಯತ್ನದಲ್ಲಿ ಪ್ಲೇಟ್ ಹೋಯಿತು, ಗಾಡಿ ಅಲ್ಲೇ. ಘಾಟಿಯಲ್ಲಿ ಒಂದು ಲಾರಿ ಅಡ್ಡ ನಿಂತರೆ ಮಂಗಳೂರು–ಬೆಂಗಳೂರು ನಡುವಿನ ಸಂಚಾರ ಗಂಟೆಗಟ್ಟಲೆ ನಿಲ್ಲುತ್ತದೆ ಎಂಬುದು ಆ ದಾರಿಯಲ್ಲಿ ಓಡಾಡಿದವರಿಗೆಲ್ಲ ಗೊತ್ತು.

ಆದರೂ ಏರಿನಲ್ಲಿ ತಪ್ಪಿದರೆ ಹೆಚ್ಚಾಗಿ ಹೋಗುವುದು ಹಣ. ಇಳಿಜಾರಿನಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರಿಗೂ ಎತ್ತರದಲ್ಲಿದೆ. ಅಲ್ಲಿಂದ ಕರಾವಳಿಗೆ ಇಳಿಯುವ ಲಾರಿ ಅಷ್ಟೂ ಎತ್ತರವನ್ನು ಕಳೆದುಕೊಳ್ಳಬೇಕು. ಆ ಶಕ್ತಿ ಎಲ್ಲಿಗಾದರೂ ಹೋಗಲೇಬೇಕಲ್ಲ? ಕೆಳಗಿನ ಗೇರಿನಲ್ಲಿದ್ದರೆ ಎಂಜಿನ್ ಅದನ್ನು ತಡೆದುಕೊಳ್ಳುತ್ತದೆ. ಹೊಗೆ ಹೊರಹೋಗುವ ದಾರಿಯನ್ನು ತಡೆದು ಎಂಜಿನ್ನನ್ನು ನಿಧಾನಿಸುವ ಎಕ್ಸಾಸ್ಟ್ ಬ್ರೇಕ್ ಕೂಡ ಗೇರ್ ಬಿದ್ದಿದ್ದು, ಎಂಜಿನ್ ಸುತ್ತು ಚೆನ್ನಾಗಿದ್ದಾಗಲೇ ಕೆಲಸ ಮಾಡುವುದು. ಮೇಲಿನ ಗೇರಿನಲ್ಲಿ ಇಳಿದರೆ ಪೂರ್ತಿ ಭಾರ ಬ್ರೇಕ್ ಡ್ರಮ್ಮಿನ ಮೇಲೆ. ಡ್ರಮ್ ಕಾಯುತ್ತದೆ, ಲೈನರ್ ಹಿಡಿತ ಬಿಡುತ್ತದೆ, ಪೆಡಲ್ ತುಳಿದರೂ ಗಾಡಿ ನಿಲ್ಲುವುದಿಲ್ಲ. ಆಗ ಹೆದರಿ ಗೇರ್ ಇಳಿಸಲು ನೋಡಿದರೆ, ಆ ವೇಗಕ್ಕೆ ಕೆಳಗಿನ ಗೇರ್ ಬೀಳುವುದಿಲ್ಲ. ಲೀವರ್ ನ್ಯೂಟ್ರಲ್‌ನಲ್ಲಿ ಉಳಿದು, ಎಂಜಿನ್ ಹಿಡಿತವೂ ತಪ್ಪಿದ ಲಾರಿ ಬೆಟ್ಟದಿಂದ ಉರುಳಿದ ಬಂಡೆಗೆ ಸಮ. ಡೀಸೆಲ್ ಉಳಿಸಲು ನ್ಯೂಟ್ರಲ್ ಹಾಕಿ ಇಳಿಸುವ ಕೆಟ್ಟ ಚಾಳಿ ಕೊಲ್ಲುವುದೂ ಇದೇ ಕಾರಣಕ್ಕೆ.

"ಯಾವ ಗೇರಿನಲ್ಲಿ ಏರಿದೆಯೋ ಅದೇ ಗೇರಿನಲ್ಲಿ ಇಳಿ" ಎಂಬ ಹಳೆಯ ಡ್ರೈವರುಗಳ ಮಾತು ಈ ಭೌತಶಾಸ್ತ್ರವನ್ನೇ ಹೇಳುತ್ತದೆ. ಆದರೆ ಅದು ಮಾತಿನಿಂದ ಬರುವ ವಿದ್ಯೆಯಲ್ಲ. ಹತ್ತಾರು ಸಲ ಲೋಡ್ ಹೊತ್ತು ಏರಿ ಇಳಿದ ಮೇಲಷ್ಟೇ ಕೈಗೆ ಹತ್ತುತ್ತದೆ.

ಕಾನೂನಿನಲ್ಲಿ ಇದೆ, ಕಲಿಕೆಯಲ್ಲಿ ಇಲ್ಲ

ಕಾನೂನು ಇದನ್ನು ಮರೆತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮ ಚಾಲಕನ ಪರೀಕ್ಷೆಯಲ್ಲಿ ಏನನ್ನೆಲ್ಲ ನೋಡಬೇಕು ಎಂದು ಪಟ್ಟಿ ಕೊಡುತ್ತದೆ. ಇಳಿಜಾರಿನಲ್ಲಿ ಬೇಗನೆ ಕೆಳಗಿನ ಗೇರಿಗೆ ಬರುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ಗಾಡಿ ಹಿಂದಕ್ಕೆ ಹೋಗದಂತೆ ಮತ್ತೆ ಎತ್ತುವುದು, ಎರಡೂ ಆ ಪಟ್ಟಿಯಲ್ಲಿವೆ. ಕಾರಿನ ಲೈಸೆನ್ಸ್ ಸಿಕ್ಕಿ ಒಂದು ವರ್ಷವಾಗಿರಬೇಕು, 20 ವರ್ಷ ತುಂಬಿರಬೇಕು, ಡ್ರೈವಿಂಗ್ ಶಾಲೆಯ ಪ್ರಮಾಣಪತ್ರ ಬೇಕು ಎಂಬ ಷರತ್ತುಗಳೂ ಇವೆ. ಸಾರಿಗೆ ವಾಹನಕ್ಕೆ ಕನಿಷ್ಠ 30 ದಿನಗಳ ತರಬೇತಿ, ಅದರಲ್ಲಿ ಕನಿಷ್ಠ 15 ಗಂಟೆ ಸ್ಟೀರಿಂಗ್ ಹಿಂದೆ.

ಆ 15 ಗಂಟೆ ಯಾವ ಗಾಡಿಯಲ್ಲಿ, ಯಾವ ರಸ್ತೆಯಲ್ಲಿ? ಸಾಮಾನ್ಯವಾಗಿ ಶಾಲೆಯ ಹಳೆಯ, ಎರಡು ಆ್ಯಕ್ಸಲ್ಲಿನ ಖಾಲಿ ಲಾರಿಯಲ್ಲಿ, ಊರಾಚೆಯ ಸಮತಟ್ಟು ರಸ್ತೆಯಲ್ಲಿ, ಒಂದೇ ಕ್ಯಾಬಿನ್ನಿನಲ್ಲಿ ಮೂರು ನಾಲ್ಕು ಜನ ಸರದಿಗೆ ಕಾಯುತ್ತಾ. ಪರೀಕ್ಷೆಗೂ ಅದೇ ಖಾಲಿ ಲಾರಿ. ಖಾಲಿ ಲಾರಿ ಹೊಸಬನ ತಪ್ಪುಗಳನ್ನೆಲ್ಲ ಕ್ಷಮಿಸುತ್ತದೆ. ಮೂರನೇ ಗೇರಿನಲ್ಲೂ ಹೊರಡುತ್ತದೆ, ಬ್ರೇಕ್ ಮುಟ್ಟಿದರೆ ನಿಲ್ಲುತ್ತದೆ. ಆದ್ದರಿಂದ ಪರೀಕ್ಷೆ ಪಾಸಾದ ಹುಡುಗ ಸುಳ್ಳು ಹೇಳುತ್ತಿಲ್ಲ, ಅವನಿಗೆ ಲಾರಿ ಓಡಿಸಲು ನಿಜವಾಗಿಯೂ ಬರುತ್ತದೆ. ಬಾರದಿರುವುದು ಲೋಡ್ ಲಾರಿ.

2021ರ ಜುಲೈ 1ರಿಂದ ಜಾರಿಗೆ ಬಂದ ಮಾನ್ಯತೆ ಪಡೆದ ತರಬೇತಿ ಕೇಂದ್ರಗಳ ನಿಯಮ ಇದನ್ನು ಸ್ವಲ್ಪ ಸುಧಾರಿಸಿದೆ. ಭಾರಿ ವಾಹನಗಳಿಗೆ ಆರು ವಾರಗಳಲ್ಲಿ 38 ಗಂಟೆಗಳ ಕೋರ್ಸು, ಎರಡು ಎಕರೆ ಜಾಗ, ಸಿಮ್ಯುಲೇಟರ್, ಟ್ರ್ಯಾಕ್. ಅಲ್ಲಿ ತೇರ್ಗಡೆಯಾದವರಿಗೆ ಆರ್‌ಟಿಒ ಚಾಲನಾ ಪರೀಕ್ಷೆಯಿಂದ ವಿನಾಯಿತಿಯೂ ಉಂಟು. ದೇಶದಾದ್ಯಂತ ಹಂತಹಂತವಾಗಿ 1,600 ತರಬೇತಿ ಕೇಂದ್ರಗಳನ್ನು ₹4,500 ಕೋಟಿ ವೆಚ್ಚದಲ್ಲಿ ತೆರೆಯುವ ಯೋಜನೆಯನ್ನು 2025ರಲ್ಲಿ ಕೇಂದ್ರ ಪ್ರಕಟಿಸಿತು. ಒಳ್ಳೆಯ ಹೆಜ್ಜೆಗಳೇ. ಆದರೆ ಎರಡು ಎಕರೆ ಟ್ರ್ಯಾಕಿನಲ್ಲಿ ಘಾಟಿ ಹಿಡಿಸುವುದಿಲ್ಲ.

ಕ್ಲೀನರ್ ಸೀಟು ಖಾಲಿಯಾದ ಕಥೆ

ಹಾಗಾದರೆ ಹಿಂದಿನವರು ಹೇಗೆ ಕಲಿತರು? ಶಾಲೆಯಲ್ಲಿ ಕಲಿತವರು ಕಡಿಮೆ. ಹುಡುಗ ಹದಿನೇಳು ಹದಿನೆಂಟಕ್ಕೆ ಕ್ಲೀನರ್ ಆಗಿ ಗಾಡಿ ಹತ್ತುತ್ತಿದ್ದ. ಗ್ಲಾಸ್ ಒರೆಸಿ, ಟೈರ್ ತಟ್ಟಿ ಹವಾ ನೋಡಿ, ಹಗ್ಗ ಬಿಗಿದು, ಅಡುಗೆಯನ್ನೂ ಮಾಡಿ, ಉಳಿದ ಹೊತ್ತೆಲ್ಲ ಡ್ರೈವರಣ್ಣನ ಕೈಕಾಲು ನೋಡುತ್ತಾ ಕೂರುತ್ತಿದ್ದ. ಎಂಜಿನ್ ಸದ್ದು ಯಾವಾಗ ಭಾರವಾಗುತ್ತದೆ, ಅಣ್ಣ ಯಾವ ತಿರುವಿನಲ್ಲಿ ಗೇರ್ ಇಳಿಸುತ್ತಾರೆ ಎಂಬುದು ಲೀವರ್ ಮುಟ್ಟುವ ಮೊದಲೇ ಅವನ ಕಿವಿಗೆ ಗೊತ್ತಿರುತ್ತಿತ್ತು. ಮೊದಲು ಯಾರ್ಡಿನಲ್ಲಿ ಗಾಡಿ ಹಿಂದೆ ಮುಂದೆ ತೆಗೆಯುವುದು, ಆಮೇಲೆ ರಾತ್ರಿ ಖಾಲಿ ರಸ್ತೆಯಲ್ಲಿ ಹತ್ತು ಕಿಲೋಮೀಟರ್. ಹೀಗೆ ಎರಡು ಮೂರು ವರ್ಷ.

ಈ ಪದ್ಧತಿಯನ್ನು ಕೊಂಡಾಡಬೇಕಾಗಿಲ್ಲ. ಹುಡುಗರನ್ನು ಅದು ಹಿಂಡಿತು, ಸರಿಯಾದ ಸಂಬಳ ಕೊಡಲಿಲ್ಲ, ಲೈಸೆನ್ಸ್ ಇಲ್ಲದ ಕೈಗೆ ಸ್ಟೀರಿಂಗ್ ಕೊಟ್ಟು ಜನರ ಪ್ರಾಣವನ್ನು ಪಣಕ್ಕಿಟ್ಟಿತು. ಆದರೆ ಲೋಡ್ ಗಾಡಿಯ ಗೇರ್ ಕಲಿಸುತ್ತಿದ್ದ ಶಾಲೆ ದೇಶದಲ್ಲಿ ಹೆಚ್ಚುಕಡಿಮೆ ಅದೊಂದೇ ಇತ್ತು ಎಂಬುದೂ ಸತ್ಯ.

ಆ ಶಾಲೆ ಮುಚ್ಚಿದ್ದು ನಿಧಾನವಾಗಿ. ಬಾಡಿಗೆ ಏರದೆ ಡೀಸೆಲ್, ಟೋಲ್, ಕಂತು ಏರಿದಾಗ ಮಾಲೀಕ ಮೊದಲು ಕತ್ತರಿಸಿದ್ದು ಕ್ಲೀನರನ ಸಂಬಳ. ನ್ಯಾಷನಲ್ ಪರ್ಮಿಟ್ ಲಾರಿಗಳಲ್ಲಿ ಇಬ್ಬರು ಚಾಲಕರಿರಬೇಕು ಎಂಬ ಷರತ್ತನ್ನು 2018ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವೇ ತೆಗೆದುಹಾಕಿತು. ಆ ಷರತ್ತು ಹೆಚ್ಚಿನ ಕಡೆ ಕಾಗದದ ಮೇಲಷ್ಟೇ ಇತ್ತು, ನಿಜ. ಆದರೂ ಎರಡನೇ ಸೀಟಿಗೆ ಕಾನೂನಿನ ಆಸರೆ ಇಲ್ಲವಾದದ್ದು ಆಗ. ಜಿಪಿಎಸ್ ಬಂದ ಮೇಲೆ ಗಾಡಿ ಎಲ್ಲಿ ನಿಂತಿತು, ಹೇಗೆ ಓಡಿತು ಎಂಬುದು ಮಾಲೀಕನ ಮೊಬೈಲಿಗೇ ಬರುತ್ತದೆ. ಕಲಿಸುತ್ತಾ ನಿಧಾನವಾಗಿ ಹೋಗಲು ಡ್ರೈವರಿಗೆ ಬಿಡುವೂ ಇಲ್ಲ, ಧೈರ್ಯವೂ ಇಲ್ಲ.

ಸೀಟು ಖಾಲಿಯಾಯಿತು. ಆ ಸೀಟಿನಲ್ಲಿ ಕಲಿಯುತ್ತಿದ್ದುದನ್ನು ಎಲ್ಲಿ ಕಲಿಯಬೇಕು ಎಂದು ಯಾರೂ ಯೋಚಿಸಲಿಲ್ಲ. ಇಂದಿನ ಇಡೀ ಗೊಂದಲದ ಬೇರು ಇದೇ ಎಂಬುದು ಈ ಲೇಖನದ ವಾದ.

ಮಾಲೀಕರ ಲೆಕ್ಕ

ದೇಶದ ಬಹುಪಾಲು ಲಾರಿ ಮಾಲೀಕರ ಬಳಿ ಇರುವುದು ಐದಕ್ಕಿಂತ ಕಡಿಮೆ ಗಾಡಿ. ಹಲವರದು ಒಂದೇ ಲಾರಿ, ಅದೂ ಸಾಲದ ಮೇಲೆ. ಕ್ಲಚ್ ಪ್ಲೇಟ್ ಸುಟ್ಟರೆ ಇನ್ಶೂರೆನ್ಸ್ ಕೊಡುವುದಿಲ್ಲ, ಅದು ಸವೆತದ ಲೆಕ್ಕ. ಗೇರ್‌ಬಾಕ್ಸ್ ಬಿಚ್ಚಿ ವಾರ ನಿಂತರೆ ಆ ತಿಂಗಳ ಕಂತಿಗೆ ಕೈಸಾಲ. ತಪ್ಪು ಗೇರಿನಲ್ಲಿ ಓಡಿಸಿ ಮೈಲೇಜ್ ಬಿದ್ದರೆ ಏನಾಗುತ್ತದೆ ನೋಡಿ: 700 ಕಿ.ಮೀ. ದಾರಿಯಲ್ಲಿ ಲೀಟರಿಗೆ ನಾಲ್ಕು ಕಿ.ಮೀ. ಕೊಡುತ್ತಿದ್ದ ಗಾಡಿ ಮೂರೂವರೆ ಕೊಟ್ಟರೆ 25 ಲೀಟರ್ ಹೆಚ್ಚು. ಕರ್ನಾಟಕದಲ್ಲಿ 2025ರ ಏಪ್ರಿಲ್‌ನಲ್ಲಿ ಮಾರಾಟ ತೆರಿಗೆ ಏರಿ ಡೀಸೆಲ್ ₹91 ಮುಟ್ಟಿತು; ಆ ದರದಲ್ಲಿ ಒಂದೇ ಟ್ರಿಪ್ಪಿಗೆ ₹2,275 ಸೋರಿಹೋಯಿತು. ಅದೇ ತಿಂಗಳು ರಾಜ್ಯದ ಲಾರಿ ಮಾಲೀಕರು ಮುಷ್ಕರಕ್ಕಿಳಿದದ್ದು ಇಂಥ ಲೆಕ್ಕಗಳ ಒತ್ತಡದಿಂದಲೇ.

ಇವರ ಮಾತು ಇದು: ಹೊಸಬನಿಗೆ ಕಲಿಸುವ ಖರ್ಚು ನನ್ನದು, ಕಲಿತ ಮೇಲೆ ಅವನು ಐನೂರು ರೂಪಾಯಿ ಹೆಚ್ಚು ಕೊಡುವ ಇನ್ನೊಬ್ಬರ ಬಳಿ ಹೋಗುತ್ತಾನೆ. ನಾನೇಕೆ ಕಲಿಸಲಿ?

ಹೊಸಬರ ಮಾತೂ ಅಷ್ಟೇ ಸರಿ: ಯಾರೂ ಗಾಡಿ ಕೊಡದಿದ್ದರೆ ಅನುಭವ ಆಕಾಶದಿಂದ ಬೀಳುತ್ತದೆಯೇ?

ಒಬ್ಬೊಬ್ಬ ಮಾಲೀಕನೂ ತನ್ನ ಮಟ್ಟಿಗೆ ಸರಿಯಾದ ತೀರ್ಮಾನವನ್ನೇ ಮಾಡುತ್ತಿದ್ದಾನೆ. ಎಲ್ಲರೂ ಹಾಗೆ ಮಾಡಿದ್ದರ ಫಲ ಎಲ್ಲರಿಗೂ ಚಾಲಕರಿಲ್ಲದಿರುವುದು. ಇಂಥ ಕಡೆ ಒಬ್ಬಿಬ್ಬರ ಒಳ್ಳೆಯತನ ಸಾಲುವುದಿಲ್ಲ, ಸಾಮೂಹಿಕ ಏರ್ಪಾಡೇ ಬೇಕು.

ಆಟೊಮ್ಯಾಟಿಕ್ ಬಂದರೆ ಸರಿಹೋಗುವುದೇ?

ಇಲ್ಲೊಂದು ತಪ್ಪು ತಿಳಿವಳಿಕೆ ಹರಡಿದೆ. ಎ.ಸಿ. ಕ್ಯಾಬಿನ್ ನಿಯಮ ಬಂದಿರುವುದರಿಂದ ಹೊಸ ಲಾರಿಗಳೆಲ್ಲ ಗೇರ್‌ಲೆಸ್ ಆಗುತ್ತವೆ ಎಂದು ಹಲವರು ಅಂದುಕೊಂಡಿದ್ದಾರೆ. ಆ ನಿಯಮ ಕ್ಯಾಬಿನ್ನಿನ ತಂಪಿಗೆ ಸಂಬಂಧಿಸಿದ್ದು, ಗೇರ್ ಬಗ್ಗೆ ಏನನ್ನೂ ಹೇಳುವುದಿಲ್ಲ. ಈಗಾಗಲೇ ರಸ್ತೆಯ ಮೇಲಿರುವ ಲಾರಿಗಳಿಗೂ ಅನ್ವಯವಾಗುವುದಿಲ್ಲ.

ಹಾಗೆಂದು ಆಟೊಮ್ಯಾಟಿಕ್ ದೂರದ ಮಾತೂ ಅಲ್ಲ. ಎಎಂಟಿ ಎಂಬ ಏರ್ಪಾಡಿನಲ್ಲಿ ಒಳಗಿರುವುದು ಅದೇ ಹಲ್ಲುಗಾಲಿಗಳ ಗೇರ್‌ಬಾಕ್ಸ್; ಕ್ಲಚ್ ತುಳಿಯುವ ಮತ್ತು ಲೀವರ್ ಎಳೆಯುವ ಕೆಲಸವನ್ನು ಮಾತ್ರ ಕಂಪ್ಯೂಟರ್ ವಹಿಸಿಕೊಳ್ಳುತ್ತದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ ಸಿದ್ಧವಾಗುವ ವೋಲ್ವೊ ಲಾರಿಗಳ 12 ಗೇರಿನ ಐ-ಶಿಫ್ಟ್ ಇದೇ ಬಗೆಯದು. ಟಾಟಾ, ಅಶೋಕ್ ಲೇಲ್ಯಾಂಡ್, ಭಾರತ್‌ಬೆಂಝ್ ಕೂಡ ಎಎಂಟಿ ಲಾರಿಗಳನ್ನು ತಂದಿವೆ. ಗಣಿಯಲ್ಲಿ, ದೊಡ್ಡ ಕಂಪನಿಗಳಲ್ಲಿ ಇವು ಹೆಚ್ಚುತ್ತಿವೆ. ಬೆಲೆ ಹೆಚ್ಚಾದ್ದರಿಂದ ಸಣ್ಣ ಮಾಲೀಕನ ಅಂಗಳಕ್ಕೆ ಬರಲು ಇನ್ನೂ ವರ್ಷಗಳು ಬೇಕು. ಆತ ಕೊಳ್ಳುವುದೇ ಸೆಕೆಂಡ್ ಹ್ಯಾಂಡ್ ಗಾಡಿ.

ಈ ಬದಲಾವಣೆಯನ್ನು ಮೊದಲೇ ಕಂಡ ದೇಶಗಳು ಲೈಸೆನ್ಸನ್ನು ಹೇಗೆ ನಿಭಾಯಿಸಿದವು? ಅಮೆರಿಕದಲ್ಲಿ ಆಟೊಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟವರ ಲೈಸೆನ್ಸಿನ ಮೇಲೆ ಮ್ಯಾನುಯಲ್ ಓಡಿಸುವಂತಿಲ್ಲ ಎಂಬ ನಿರ್ಬಂಧ ಬೀಳುತ್ತದೆ. ಅಲ್ಲಿನ ಹೊಸ ಭಾರಿ ಲಾರಿಗಳಲ್ಲಿ ಹೆಚ್ಚಿನವು ಎಎಂಟಿ ಆದ್ದರಿಂದ ಹಲವು ಹೊಸಬರು ಆ ನಿರ್ಬಂಧ ಇದ್ದರೂ ಕೆಲಸ ಪಡೆಯುತ್ತಾರೆ, ಆದರೆ ಹಳೆಯ ಗಾಡಿ ಇಟ್ಟುಕೊಂಡ ಸಣ್ಣ ಕಂಪನಿಗಳ ಬಾಗಿಲು ಮುಚ್ಚಿದಂತೆಯೇ. ಬ್ರಿಟನ್ 2014ರಿಂದ ಬೇರೆ ದಾರಿ ಹಿಡಿಯಿತು: ಮ್ಯಾನುಯಲ್ ಕಾರಿನ ಲೈಸೆನ್ಸ್ ಇದ್ದವರು ಆಟೊಮ್ಯಾಟಿಕ್ ಲಾರಿಯಲ್ಲಿ ಪರೀಕ್ಷೆ ಕೊಟ್ಟರೂ ಎರಡೂ ಬಗೆಯ ಲಾರಿ ಓಡಿಸಬಹುದು.

ನಮ್ಮಲ್ಲಿ? 1988ರ ಮೋಟಾರು ವಾಹನ ಕಾಯ್ದೆಯ 10ನೇ ಸೆಕ್ಷನ್ 'ಗೇರ್ ಇಲ್ಲದ', 'ಗೇರ್ ಇರುವ' ಎಂಬ ಭೇದ ಮಾಡುವುದು ಬೈಕಿಗೆ ಮಾತ್ರ. ಸ್ಕೂಟರ್ ಕಲಿತವನು ಗೇರ್ ಬೈಕ್ ಓಡಿಸಿದರೆ ತಪ್ಪು. ಎಎಂಟಿ ಲಾರಿಯಲ್ಲಷ್ಟೇ ಕೈ ಪಳಗಿದವನು ನಾಳೆ ರಿಂಗ್ ಸವೆದ ಹಳೆಯ ಲಾರಿಯಲ್ಲಿ ಲೋಡ್ ತುಂಬಿಕೊಂಡು ಅರಬೈಲು ಘಾಟಿ ಇಳಿದರೆ ಕಾನೂನಿನ ಅಡ್ಡಿಯಿಲ್ಲ. ಎಎಂಟಿ ಹೆಚ್ಚಿದಷ್ಟೂ ಈ ಅಂತರದ ಅಪಾಯ ಹೆಚ್ಚುತ್ತದೆ.

ಹಾಗಾದರೆ ಅಮೆರಿಕದ ನಿರ್ಬಂಧವನ್ನೇ ತರೋಣವೇ? ಅವಸರದಲ್ಲಿ ತಂದರೆ ಹೊಸಬರಿಗೇ ಪೆಟ್ಟು. ಇಲ್ಲಿ ಮೊದಲ ಕೆಲಸ ಸಿಗುವುದು ಹಳೆಯ ಮ್ಯಾನುಯಲ್ ಲಾರಿಗಳಲ್ಲೇ. ಲೈಸೆನ್ಸಿನ ಮೇಲೆ ಇನ್ನೊಂದು ಮೊಹರು ಬಿದ್ದರೆ ಬಾಗಿಲು ಇನ್ನಷ್ಟು ಕಿರಿದಾಗುತ್ತದೆ. ಇನ್ನು, ಎಎಂಟಿ ಗಾಡಿಯಾದರೂ ಇಳಿಜಾರಿನ ವೇಗ ಅಂದಾಜಿಸುವ ಕೆಲಸ ಡ್ರೈವರನದೇ. ಘಾಟಿಯ ನೆತ್ತಿಯಲ್ಲೇ ವೇಗ ತಗ್ಗಿಸಿ ಕೆಳಗಿನ ಗೇರ್ ಹಿಡಿಯಬೇಕು ಎಂಬ ಬುದ್ಧಿಯನ್ನು ಯಂತ್ರ ಕೊಡುವುದಿಲ್ಲ.

ಹೊಸಬರು ಹಿಡಿಯುತ್ತಿರುವ ದಾರಿ

ಕೆಲಸ ಸಿಗದ ಹುಡುಗರು ಸುಮ್ಮನೆ ಕೂರುವುದಿಲ್ಲ, ಹೊಟ್ಟೆಪಾಡು ಕಾಯುವುದಿಲ್ಲ. 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಕಾರಿನ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನು ಬೇರೆ ಅನುಮತಿ ಇಲ್ಲದೆ ಓಡಿಸಬಹುದು ಎಂದು ಸ್ಪಷ್ಟಪಡಿಸಿತು. ಪಿಕಪ್, ಟೆಂಪೊಗಳಿಗೆ ಹೆವಿ ಲೈಸೆನ್ಸ್ ಬೇಕಿಲ್ಲ. ಹೆವಿ ಇದ್ದವರೂ ಅಲ್ಲಿಗೇ ಹೋಗುತ್ತಿದ್ದಾರೆ: ಊರಲ್ಲೇ ಕೆಲಸ, ರಾತ್ರಿ ಮನೆ. ಬೆಂಗಳೂರಿನ ಎಲೆಕ್ಟ್ರಿಕ್ ಬಸ್ಸುಗಳಿಗೆ ಚಾಲಕರನ್ನು ಒದಗಿಸುವುದು ಗುತ್ತಿಗೆ ಕಂಪನಿಗಳು. ಹೆವಿ ಲೈಸೆನ್ಸ್ ಇದ್ದೂ ಗೇರ್ ಭಯ ಇದ್ದವರಿಗೆ ಕ್ಲಚ್ಚೇ ಇಲ್ಲದ ಆ ಬಸ್ಸು ಇನ್ನೊಂದು ದಾರಿ. ಒಮ್ಮೆ ಹೋದವರು ಲೋಡ್ ಲಾರಿಗೆ ಮರಳುವುದು ಅಪರೂಪ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಇನ್ನೊಂದು ಗುಂಪು. ಏನೂ ಕೇಳದೆ ಕೀ ಕೊಡುವವರೂ ಇದ್ದಾರೆ. ಡ್ರೈವರ್ ಸಿಗದೆ ಕಂಗೆಟ್ಟ ಮಾಲೀಕ, ಕೆಲಸ ಸಿಗದೆ ಕಂಗೆಟ್ಟ ಹುಡುಗ, ಇಬ್ಬರ ನಡುವೆ ಮಾತು ಬೇಗ ಮುಗಿಯುತ್ತದೆ. ಸುಳ್ಳು ಅನುಭವ ಹೇಳಿ ಹತ್ತಿದ ಹುಡುಗ ಮೊದಲ ಟ್ರಿಪ್ಪಿಗೇ ಘಾಟಿಗಿಳಿಯುತ್ತಾನೆ. ಅಪಘಾತವಾದರೆ ಪತ್ರಿಕೆಯಲ್ಲಿ 'ಬ್ರೇಕ್ ವೈಫಲ್ಯ' ಎಂದು ಬರುತ್ತದೆ. ಅಂಥ ಎಷ್ಟೋ ಪ್ರಕರಣಗಳಲ್ಲಿ ಬ್ರೇಕಿಗಿಂತ ಮೊದಲು ತಪ್ಪಿದ್ದು ಗೇರ್ ಆಗಿರಬಹುದು. ಅದನ್ನು ಬಿಡಿಸಿ ನೋಡದ ಹೊರತು ಕಲಿಕೆಯ ಕೊರತೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಡಗಡೆಯ ಸೀಟನ್ನು ಮತ್ತೆ ತುಂಬುವುದು

ಬೇಕಾಗಿರುವುದು ಲೈಸೆನ್ಸ್ ಸಿಕ್ಕಿದ ನಂತರದ ಕಲಿಕೆ. ಅಮೆರಿಕದ ದೊಡ್ಡ ಕಂಪನಿಗಳು ಹೊಸ ಚಾಲಕನ ಪಕ್ಕದಲ್ಲಿ ಕೆಲವು ವಾರ ತರಬೇತುದಾರನನ್ನು ಕೂರಿಸುತ್ತವೆ. ನಮ್ಮಲ್ಲಿ ಅದಕ್ಕೆ ಬೇಕಾದ ಚೌಕಟ್ಟು ಅರ್ಧ ಸಿದ್ಧವಿದೆ. 1961ರ ಅಪ್ರೆಂಟಿಸ್ ಕಾಯ್ದೆ ಇದೆ, ಅಪ್ರೆಂಟಿಸ್‌ಗಳ ಭತ್ಯೆಯಲ್ಲಿ 25 ಶೇಕಡಾ, ತಿಂಗಳಿಗೆ ₹1,500ರವರೆಗೆ, ಕೇಂದ್ರವೇ ಭರಿಸುವ ಯೋಜನೆಯೂ ಇದೆ. ಆದರೆ ಅಪ್ರೆಂಟಿಸ್ ಇಟ್ಟುಕೊಳ್ಳಲು ಸಂಸ್ಥೆಯಲ್ಲಿ ಕನಿಷ್ಠ ನಾಲ್ಕು ಜನ ಕೆಲಸಗಾರರಿರಬೇಕು. ಎರಡು ಲಾರಿಯ ಮಾಲೀಕ ಅಲ್ಲಿಗೇ ಹೊರಗುಳಿದ. ಜಿಲ್ಲೆಯ ಲಾರಿ ಮಾಲೀಕರ ಸಂಘವನ್ನೇ ಒಂದು ಸಂಸ್ಥೆಯೆಂದು ಪರಿಗಣಿಸಿ, ಹೊಸಬನನ್ನು ಸಂಘ ಸೇರಿಸಿಕೊಂಡು, ಸದಸ್ಯರ ಗಾಡಿಗಳಲ್ಲಿ ಸರದಿಯ ಮೇಲೆ ಕಳಿಸುವಂತಾದರೆ "ನಾನು ಕಲಿಸಿದೆ, ಅವನು ಹೋದ" ಎಂಬ ತಕರಾರೂ ಕಡಿಮೆಯಾಗುತ್ತದೆ. ಕಲಿಸುವ ಹಿರಿಯ ಡ್ರೈವರಿಗೆ ಟ್ರಿಪ್ಪಿನ ಬತ್ತಾ ಮೇಲೆ ಕಲಿಸುವ ಕೂಲಿ ಸಿಗಬೇಕು. ಹಳೆಯ ಪದ್ಧತಿ ಆ ವಿದ್ಯೆಗೆ ಬೆಲೆ ಕಟ್ಟಲೇ ಇಲ್ಲ.

ಪರೀಕ್ಷೆಯ ಕಡೆಯಿಂದ ಮಾಡಬಹುದಾದದ್ದು ಇನ್ನೂ ಸರಳ: ಶಾಲೆಯ ಲಾರಿಗೆ ಮರಳಿನ ಚೀಲ ತುಂಬಿಸಿ. 15 ಗಂಟೆಗಳಲ್ಲಿ ಐದು ಗಂಟೆಯಾದರೂ ಭಾರ ಹೊತ್ತ ಗಾಡಿಯಲ್ಲಿ, ಏರು ಇಳಿಜಾರಿನಲ್ಲಿ ಆಗಬೇಕು ಎಂದು ನಿಯಮಕ್ಕೆ ಒಂದು ಸಾಲು ಸೇರಿಸಲು ₹4,500 ಕೋಟಿ ಬೇಕಿಲ್ಲ.

ಅಲ್ಲಿಯವರೆಗೆ ಹೊಸಬರು ತಮ್ಮ ಕೈಲಾದದ್ದನ್ನು ಮಾಡಿಕೊಳ್ಳಬೇಕು. ಶಾಲೆಗೆ ಸೇರುವ ಮೊದಲೇ ಲೋಡ್ ಗಾಡಿಯಲ್ಲಿ ಕಲಿಸುತ್ತೀರಾ ಎಂದು ಕೇಳಿ. ಮೊದಲ ಕೆಲಸಕ್ಕೆ ಹನ್ನೆರಡು ಚಕ್ರದ ಆಸೆ ಬೇಡ. ನೀರಿನ ಟ್ಯಾಂಕರ್, ಗೋದಾಮಿನಿಂದ ಅಂಗಡಿಗೆ ಓಡುವ ಆರು ಚಕ್ರದ ಲಾರಿ, ಯಾರ್ಡಿನೊಳಗೆ ಗಾಡಿ ತೆಗೆದಿಡುವ ಕೆಲಸ, ಇವುಗಳಲ್ಲಿ ದಿನಕ್ಕೆ ನೂರಾರು ಸಲ ಗೇರ್ ಬದಲಿಸಬೇಕಾಗುತ್ತದೆ, ತಪ್ಪಿದರೂ ಪ್ರಾಣಕ್ಕೆ ಕುತ್ತು ಬರುವುದು ಕಡಿಮೆ. ಟ್ರಯಲ್‌ಗೆ ಕೂತಾಗ ಬಾರದ್ದನ್ನು ಬರುತ್ತದೆ ಎನ್ನಬೇಡಿ. "ಅಣ್ಣ, ಖಾಲಿ ಗಾಡಿ ಬರುತ್ತೆ, ಲೋಡ್ ಕಲಿಸಿಕೊಡಿ" ಎಂದವನಿಗೆ ಪಕ್ಕದಲ್ಲಿ ಕೂರಲು ಒಪ್ಪುವ ಹಿರಿಯರು ಇನ್ನೂ ಇದ್ದಾರೆ. ಪಕ್ಕದಲ್ಲಿ ಗೊತ್ತಿದ್ದವರು ಇಲ್ಲದೆ ಮೊದಲ ಸಲ ಲೋಡ್ ಗಾಡಿಯನ್ನು ಘಾಟಿಗೆ ಇಳಿಸು ಎಂದರೆ, ಆ ಟ್ರಿಪ್ ಬೇಡ ಎಂದುಬಿಡಿ. ಹೋಗುವುದು ಒಂದು ಟ್ರಿಪ್ಪಿನ ಬತ್ತಾ.